ಪರ್ವತಯ್ಯನವರು ನೋಡದ ಸಿನಿಮಾ

ಕುರಿಗಾಹಿ ಕ್ಯಾತಪ್ಪ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ನಾವೆಲ್ಲ ಒಳಗೆ ಕುಂತ್ಕಂಡು ಸಿನ್ಮಾ ನೋಡ್ತಿದ್ರೆ, ಹೊರಗೆ ಕುರಿ ಯಾರು ಸ್ವಾಮಿ ಕಾಯೋದು?"

ಗ್ರಾಮಸೇವಕ ಪರ್ವತಯ್ಯ ನಿಮಿಷಕ್ಕೆರಡು ಸಲ ಗಡಿಯಾರ ನೋಡಿಕೊಳ್ಳುತ್ತಿದ್ದರು. ತುಮಕೂರಿನಿಂದ ನಂದೀಶ್ವರಯ್ಯ ಸಾಹೇಬರು ಜೀಪಿನಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಊರ ಶಾಲೆಗೆ ಬಂದಾಗಿತ್ತು. ಮುದುಕರು, ಕುಂಟರು, ಕಣ್ಣು ಕಾಣದವರು, ಯಾರನ್ನೂ ಮನೆಯಲ್ಲಿ ಕೂಡಿಹಾಕದೆ ಕಾಡು ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕೆಂದು ಹೇಳುವ ಇಪ್ಪತ್ತು ನಿಮಿಷದ ಸರ್ಕಾರಿ ಸಿನಿಮಾ ಅದು. "ಕುರಿಗಾಹಿಗಳು ಒಬ್ಬರೂ ತಪ್ಪಬಾರದು ಕಣ್ರೀ. ಶಾಲೆ ತುಂಬಿದರೆ ನಿಮ್ಮ ವರ್ಗಕ್ಕೆ ಇವತ್ತೇ ಶಿಫಾರಸು" ಎಂದಿದ್ದರು ಸಾಹೇಬರು.

ವರ್ಗವೆಂದರೆ ಮಧುಗಿರಿ. ಅಲ್ಲಿ ಟೀಚರಾಗಿದ್ದ ಹೆಂಡತಿ ಸರೋಜಮ್ಮನ ಮುಖ ನೋಡಲು ಪರ್ವತಯ್ಯ ನಾಲ್ಕು ವರ್ಷದಿಂದ ಪ್ರತಿ ಶನಿವಾರ ಐ.ಡಿ. ಹಳ್ಳಿಯವರೆಗೆ ಸೈಕಲ್ ತುಳಿದು, ಅಲ್ಲಿಂದ ಬಸ್ಸಿಗೆ ನೇತಾಡುತ್ತಿದ್ದರು.

"ಕುರಿ ನಾನು ಕಾಯ್ತೀನಿ, ನೀವು ಒಳಗೆ ನಡೀರಿ!" ಎಂದುಬಿಟ್ಟರು.

ಹಾಡುಹಗಲು. ಶಾಲೆಯೊಳಗೆ ಕತ್ತಲಾಗಲೆಂದು ಕಿಟಕಿಗಳಿಗೆಲ್ಲ ಊರವರ ಕಂಬಳಿ ತೂಗಿಹಾಕಿದ್ದರು. ಸಿನಿಮಾ ಶುರುವಾಯಿತು. ಹೊರಗೆ ಪರ್ವತಯ್ಯ ಹ್ರ್ರಾ ಎಂದರು, ಬಾ ಎಂದರು, ದಮ್ಮಯ್ಯ ಎಂದರು. ಕುರಿಗಳು ಅವರ ಟೆರಿಲಿನ್ ಪ್ಯಾಂಟನ್ನು ಒಮ್ಮೆ ನೋಡಿ, ಸೀದಾ ಅಂಜನಪ್ಪನ ಕಡಲೇಕಾಯಿ ಹೊಲದ ಕಡೆ ಹೊರಟವು.

ಕ್ಯಾತಪ್ಪ ಬಾಗಿಲಿಂದ ತಲೆ ಹೊರಹಾಕಿದ. "ಪ್ಯಾಂಟು ಕಂಡ್ರೆ ಬರಾಕಿಲ್ಲ ಸ್ವಾಮಿ. ಸೂಜಿ ಚುಚ್ಚೋ ಡಾಕ್ಟ್ರು ಅಂದ್ಕಂಡವೆ. ಕಿಟಕೀಲಿರೋ ನನ್ ಕಂಬ್ಳಿ ಹೊದ್ಕಳಿ, ವಾಸ್ನೆಗೆ ಬತ್ತವೆ."

ಪರ್ವತಯ್ಯ ಓಡಿಬಂದು ಕಿಟಕಿಯ ಕಂಬಳಿ ಕಿತ್ತರು. ಬಿಸಿಲು ನುಗ್ಗಿ ಪರದೆಯ ಮೇಲಿದ್ದ ಬೆಟ್ಟ ಮಾಯವಾಯಿತು. "ಯಾವನಲೇ ಅವ್ನು!" ಎಂದು ಶಾಲೆಯೇ ಕೂಗಿಕೊಂಡಿತು. ಕ್ಯಾತಪ್ಪನ ಹೆಂಡತಿ ಗಿರಿಯಮ್ಮ ಎದ್ದು ಬಂದು ಕಿಟಕಿಗೆ ಬೆನ್ನು ಕೊಟ್ಟು ನಿಂತಳು. "ನನ್ ಬೆನ್ನು ಕಂಬ್ಳಿಗಿಂತ ಅಗ್ಲ ಐತೆ, ನೀವು ಓಡಿ ಸ್ವಾಮಿ!"

ಕಂಬಳಿ ಹೊದ್ದದ್ದೇ ತಡ, ಕುರಿಗಳಿಗೆ ಪರ್ವತಯ್ಯನ ಮೇಲೆ ಎಲ್ಲಿಲ್ಲದ ಮಮತೆ ಹುಟ್ಟಿತು. ನಿಂತರೆ ಸುತ್ತ ಒತ್ತಿದವು, ನಡೆದರೆ ನಡೆದವು. ಒಂದು ಟಗರು ಅದೇನು ಸಲಿಗೆಯೋ ಹಿಂದಿನಿಂದ ಗುದ್ದಿತು. ಪರ್ವತಯ್ಯ ಓಟ ಕಿತ್ತರು, ಮಂದೆಯೂ ಓಡಿತು. ಕಣ್ಣಿಗೆ ಬಿದ್ದದ್ದು ಶಾಲೆಯ ಬಾಗಿಲೊಂದೇ. ನುಗ್ಗಿದರು. ಹಿಂದೆಯೇ ಕುರಿಗಳೂ ನುಗ್ಗಿ ಪರದೆ ಕೆಡವಿದವು. ಪುಣ್ಯಕ್ಕೆ ಸಿನಿಮಾ ಆಗತಾನೇ ಮುಗಿದಿತ್ತು.

ಮಧುಗಿರಿಗೆ ಎಳ್ಳುನೀರು ಬಿಟ್ಟಂತೆಯೇ ಎಂದುಕೊಂಡು ಪರ್ವತಯ್ಯ ಕಣ್ಣು ಮುಚ್ಚಿಕೊಂಡರು. ಆದರೆ ನಡೆದದ್ದನ್ನೆಲ್ಲ ಕೇಳಿದ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಜನ ಸಿನಿಮಾ ನೋಡಲೆಂದು ಕುರಿ ಕಾದ ಗ್ರಾಮಸೇವಕನನ್ನ ನನ್ನ ಸರ್ವೀಸಿನಲ್ಲೇ ಕಂಡಿಲ್ಲ. ಮಧುಗಿರಿಗೆ ಗಂಟುಮೂಟೆ ಕಟ್ಟಿ ಪರ್ವತಯ್ಯ!" ಎಂದು ಪೆನ್ನು ತೆಗೆದರು.

ಕ್ಯಾತಪ್ಪ ಎದ್ದು ನಿಂತ. "ವರ್ಗಾನಾ? ಸುತರಾಂ ಆಗಾಕಿಲ್ಲ! ಇಂಥೋರು ನಮ್ಗೆ ಬೇಕೇ ಬೇಕು!"

"ಬೇಕೇ ಬೇಕು!" ಎಂದಿತು ಊರು. ಹೆಡ್‌ಮೇಷ್ಟ್ರ ಮೇಜಿನ ಮೇಲಿದ್ದ ಇಂಕ್ ಪ್ಯಾಡು ಕೈಯಿಂದ ಕೈಗೆ ಹೋಯಿತು. ಪರ್ವತಯ್ಯ "ಬೇಡ್ರಪ್ಪಾ, ಬೇಡ್ರಪ್ಪಾ" ಎನ್ನುತ್ತಿದ್ದಂತೆಯೇ ಒಂದು ಹಾಳೆ ತುಂಬ ಹೆಬ್ಬೆಟ್ಟು ಬಿತ್ತು. ಸಾಹೇಬರ ಕಣ್ಣಲ್ಲಿ ನೀರಾಡಿತು. "ಇಷ್ಟು ಪ್ರೀತಿಸೋ ಜನರಿಂದ ನಿಮ್ಮನ್ನು ಕಿತ್ತರೆ ನನಗೆ ಪಾಪ ಬರುತ್ತೆ ಕಣ್ರೀ. ಇನ್ನು ಮೂರು ವರ್ಷ ನಿಮ್ಮನ್ನ ಯಾರೂ ಅಲುಗಾಡಿಸೋ ಹಾಗಿಲ್ಲ" ಎಂದು ಹಾಗೆಯೇ ಬರೆದು ಜೀಪು ಹತ್ತಿದರು.

ಪರ್ವತಯ್ಯನಿಗೆ ಅಳು ಬಂತು. ಆದರೂ ಎಲ್ಲೋ ಒಂದು ಮೂಲೆಯಲ್ಲಿ ಎದೆ ಉಬ್ಬಿತ್ತು. "ನನ್ನ ಮೇಲೆ ನಿಮಗೆ ಅಷ್ಟೊಂದು ಅಭಿಮಾನವೇನಯ್ಯಾ ಕ್ಯಾತಪ್ಪ?"

"ಅಭಿಮಾನ ಇದ್ದೇ ಐತೆ ಬುಡಿ ಸ್ವಾಮಿ" ಎಂದ ಕ್ಯಾತಪ್ಪ. "ಸಿನ್ಮಾದಾಗೆ ಹೇಳಿದ್ರಲ್ಲ, ಯಾರ್ನೂ ಮನೇಲಿ ಬುಟ್ಟೋಗ್ಬ್ಯಾಡಿ ಅಂತ? ನಾಳೀಕೆ ಊರಿಗೂರೇ ಸಿದ್ದರಬೆಟ್ಟಕ್ಕೆ ಹೊಂಟಿದೀವಿ, ಮುದುಕ್ರು ಕುಂಟ್ರು ಎಲ್ರೂವೆ. ಬರಾದು ನಾಕು ದಿನ ಆಗ್ತೈತೆ. ಕುರಿಗೆ ಹೆಂಗೂ ನೀವಿದೀರಲ್ಲ!"