ಎಚ್ ಸೀಟಿನ ಮೇಲೊಂದು ಟವೆಲ್ಲು

ನನ್ನ ಸೋದರಮಾವನಿಗೆ ಕಂಪ್ಯೂಟರ್ ಬಳಸಲು ಬರುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಯಾಕೆ ಬರುವುದಿಲ್ಲ? ಚೆನ್ನಾಗಿಯೇ ಬರುತ್ತದೆ. ಬಸ್ಸಿನಂತೆ ಬಳಸಲು ಬರುತ್ತದೆ! ಬಸವಕಲ್ಯಾಣ–ಹುಮನಾಬಾದ್ ಬಸ್ಸಿನಲ್ಲಿ ಕಂಡಕ್ಟರಾಗಿ ಸವೆದ ಜೀವ ಅದು. ನಿವೃತ್ತಿಯ ದಿನ ಚೀಲ, ಟಿಕೆಟ್ ಯಂತ್ರ ಎಲ್ಲವನ್ನೂ ಡಿಪೋಗೆ ಒಪ್ಪಿಸಿದರು, ಕಂಡಕ್ಟರಿಕೆಯನ್ನು ಮಾತ್ರ ಮನೆಗೆ ತಂದುಬಿಟ್ಟರು. ಗುಂಡಿ ಒತ್ತಿ ಪರದೆ ಬೆಳಗಿದೊಡನೆ "ರೈಟ್, ರೈಟ್!" ಎಂದು ಕೂಗುತ್ತಾರೆ. ತಡವಾದರೆ ಮೇಜಿನ ಪಕ್ಕೆಗೆ ಪಟಪಟ ತಟ್ಟುತ್ತಾರೆ. ಆಶ್ಚರ್ಯವೆಂದರೆ ಆಗ ಅದು ಹೊರಟೇ ಬಿಡುತ್ತದೆ!

ಈ ಕಂಪ್ಯೂಟರಿಗೆ ಹೊರಗಿನಿಂದ ಚುಚ್ಚುವ ಒಂದು ಹಾರ್ಡ್ ಡಿಸ್ಕ್ ಉಂಟು. ಅಂಗೈಯಗಲದ ಕರಿ ಡಬ್ಬಿ. ಚಳಿಗಾಲದಲ್ಲಿ ಮಾವ ಅದಕ್ಕೆ ಮಫ್ಲರ್ ಸುತ್ತಿಡುತ್ತಾರೆ. "ಆ ಡಬ್ಬಿಗಿ ಮಫ್ಲರ್ ಅದ, ನನಗ ಒಂದ್ ಸ್ವೆಟರ್ ಇಲ್ಲ ನೋಡವ್ವಾ" ಎಂದು ಮಾಮಿ ನನ್ನ ಮುಂದೆ ದೂರು ಹೇಳುವುದುಂಟು. ಆದರೆ ಆ ಡಬ್ಬಿಯೊಳಗೆ ಏನಿದೆಯೆಂದು ಮಾಮಿಗೂ ಗೊತ್ತು. ಅದಕ್ಕೇ ದೂರು ಅಲ್ಲಿಗೇ ನಿಲ್ಲುತ್ತದೆ.

ಅದರೊಳಗಿರುವುದು ಹಾಡು. ಮಾವನ ಬಸ್ಸಿಗೆ ಡ್ರೈವರಾಗಿದ್ದ ಸಾಹೇಬರು ಸ್ಟೇರಿಂಗ್ ಹಿಡಿದರೆ ಸಾಕು, ಹಾಡುತ್ತಿದ್ದರು. ತತ್ವಪದ, ಮೊಹರಮ್ಮಿನ ಪದ, ಖುಷಿ ಬಂದರೆ ದಖನಿ ಉರ್ದುವಿನ ಹಾಡು. ಬಸ್ಸಿನ ಜನ ತಮ್ಮೂರು ದಾಟಿದ್ದೂ ತಿಳಿಯದೆ ಕೂತಿರುತ್ತಿದ್ದರಂತೆ. ಮಾವ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಟ್ಟು ಈ ಡಬ್ಬಿಗೆ ತುಂಬಿದ್ದಾರೆ. ಆಮೇಲೆ ಸಾಹೇಬರಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಪಿಸುಮಾತಷ್ಟೇ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಮಾವನ ಮನೆಗೆ ಬಂದು ತಮ್ಮದೇ ಹಾಡು ಕೇಳಿಕೊಂಡು ಹೋಗುತ್ತಾರೆ.

ಅವರಿಗೆಂದು ಕಂಪ್ಯೂಟರಿನ ಪಕ್ಕದ ಕುರ್ಚಿಯ ಮೇಲೆ ವಾರವಿಡೀ ಒಂದು ಟವೆಲ್ಲು ಬಿದ್ದಿರುತ್ತದೆ. ಯಾರೂ ಕೂರುವಂತಿಲ್ಲ! ಇದೇ ಮನುಷ್ಯ ಡ್ಯೂಟಿಯಲ್ಲಿದ್ದಾಗ, ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರ ಪರಮ ವೈರಿ. "ಟವೆಲ್‌ಗಿ ಟಿಕೆಟ್ ತಗೊಂಡೀರೇನ್ರಿ?" ಎಂದು ಅದನ್ನು ಬಂದ ದಾರಿಯಲ್ಲೇ ಹೊರಗೆ ಕಳಿಸುತ್ತಿದ್ದರು. ನಾನೊಮ್ಮೆ ಇದನ್ನು ನೆನಪಿಸಿದ್ದಕ್ಕೆ "ಬಸ್ ಬ್ಯಾರೆ, ಮನಿ ಬ್ಯಾರೆ" ಎಂದು ತೀರ್ಪು ಕೊಟ್ಟರು.

ಇಷ್ಟು ಅಮೂಲ್ಯವಾದ ಹಾಡಿಗೆ ಇನ್ನೊಂದು ನಕಲು ಬೇಡವೇ? ಬೇಡ. "ಡುಪ್ಲಿಕೇಟ್ ಟಿಕೆಟ್ ಹರಿಯೋದು ಗುನ್ಹೆ ಅದ!" ಎನ್ನುವುದು ಅವರ ವಾದ. ಸಸ್ಪೆಂಡ್ ಮಾಡಲು ಇಲಾಖೆಯವರು ಮನೆಗೇ ಬರುತ್ತಾರೋ ಏನೋ!

ಹೀಗಿರಲು ಒಂದು ಗುರುವಾರ ಕಂಪ್ಯೂಟರು ತಾನಾಗಿ ಕೇಳಿತಂತೆ: ಹೊಸ ಆಪರೇಟಿಂಗ್ ಸಿಸ್ಟಂ ಬಂದಿದೆ, ಹಾಕಲೇ? ಮಾವ ಒಪ್ಪಿಬಿಟ್ಟರು. ಸಂಜೆ ಹುಮನಾಬಾದಿಗೆ ಫೋನ್ ಬಂತು. ನಾನು ಅಲ್ಲಿ ಶಾಲೆಯಲ್ಲಿ ಗಣಿತ ಕಲಿಸುವವಳು. ಆದರೆ ಮೊಬೈಲಿನಲ್ಲಿ ರೈಲಿನ ಟಿಕೆಟ್ ತೆಗೆಯಬಲ್ಲವರೆಲ್ಲ ಮಾವನ ಪಾಲಿಗೆ ಕಂಪ್ಯೂಟರ್ ಇಂಜಿನಿಯರುಗಳು.

"ಅವ್ವಾ, ಕಂಪ್ಯೂಟರಿನ್ಯಾಗ ಡಬ್ಬಿ ಕಾಣವಲ್ದು!"

"ಯಾಕ್ ಒಪ್ಕೊಂಡ್ರಿ ಮಾಮಾ?"

"ಎಕ್ಸ್‌ಪ್ರೆಸ್ ಬಸ್ ಸಾದಾ ರೇಟಿನಾಗ ಕೊಡಾಕತ್ತಾರ, ಬಿಡ್ಬೇಕೇನು? ಅದಿರ್ಲಿ, ನಾಳಿ ಶುಕ್ರವಾರ ಅದ. ಸಾಹೇಬ್ರಿಗಿ ಏನ್ ಹೇಳ್ಲಿ? ಅವರ ದನಿ ಇರೋದು ಇದೊಂದ್ರಾಗೇ."

ನಾನು ಮರುದಿನ ರಜೆ ಹಾಕಿ ಮೊದಲ ಬಸ್ಸಿಗೇ ಬಸವಕಲ್ಯಾಣಕ್ಕೆ ಹೊರಟೆ.

ಹೋಗಿ ನೋಡಿದರೆ ಪರಿಚಯದವರೆಲ್ಲ ಫೋನಿನಲ್ಲೇ ಔಷಧ ಹೇಳಿ ಮುಗಿಸಿದ್ದರು. ಒಬ್ಬ ಮಹಾನುಭಾವ ಡಬ್ಬಿಯನ್ನು ಫಾರ್ಮ್ಯಾಟ್ ಮಾಡಿಬಿಡಿ, ಎಲ್ಲ ಅಳಿಸಿ ಹೊಸದಾಗುತ್ತದೆ ಎಂದಿದ್ದನಂತೆ. "ಪ್ಯಾಸೆಂಜರ್‌ನೆಲ್ಲ ಹೊಳಿಗಿ ದೂಡಿ ಬಸ್ ತೊಳಿಯೋದು ಯಾವ ಊರ ರಿಪೇರಿ?" ಎಂದು ಮಾವ ಫೋನ್ ಇಟ್ಟಿದ್ದರು. ಅವರ ಜೀವನದ ಅತ್ಯಂತ ಬುದ್ಧಿವಂತಿಕೆಯ ನಿರ್ಧಾರ ಅದೇ!

ನಾನು ವೈರು ಬದಲಿಸಿದೆ. ಬೇರೆ ತೂತಿಗೆ ಚುಚ್ಚಿದೆ. ಆರಿಸಿ ಹಚ್ಚಿದೆ. ಮಾವ ಮೇಜಿಗೆ ತಟ್ಟಿದರು. ಊಹೂಂ! ಆದರೆ ಡಬ್ಬಿಯ ದೀಪ ಮಿನುಗುತ್ತಿತ್ತು.

"ಜೀವ ಅದ?" ಎಂದರು ಮಾವ.

"ಅದರಿ."

ಕೊನೆಗೆ, ಕಂಪ್ಯೂಟರಿಗೆ ಅಂಟಿಕೊಂಡ ಡಿಸ್ಕುಗಳನ್ನೆಲ್ಲ ಸಾಲಾಗಿ ತೋರಿಸುವ ಪುಟ ತೆರೆದೆ. ನಮ್ಮ ಡಬ್ಬಿ ಅಲ್ಲಿ ಆರೋಗ್ಯವಾಗಿಯೇ ಕೂತಿತ್ತು! ಕೂತಿತ್ತು ಎನ್ನುವುದೂ ತಪ್ಪು, ನಿಂತಿತ್ತು. ಕಂಪ್ಯೂಟರು ಪ್ರತಿಯೊಂದು ಡಿಸ್ಕಿಗೂ ಸೀಟ್ ನಂಬರಿನಂತೆ ಒಂದು ಇಂಗ್ಲಿಷ್ ಅಕ್ಷರ ಕೊಡುತ್ತದೆ. ಅಕ್ಷರ ಇಲ್ಲದಿದ್ದರೆ ಡಿಸ್ಕು ಕಣ್ಣಿಗೆ ಬೀಳುವುದಿಲ್ಲ. ಹಾಡುಗಳೆಲ್ಲ ಹುಮನಾಬಾದಿನ ದಾರಿಯವು ಎಂದು ಮಾವ ಹಿಂದೆಯೇ ಯಾರನ್ನೋ ಕಾಡಿ ಡಬ್ಬಿಗೆ ಎಚ್ ಅಕ್ಷರ ಕೊಡಿಸಿದ್ದರು. ಈಗ ಆ ಎಚ್ ಯಾರ ಬಳಿ ಇದೆ? ಕ್ಯಾಮೆರಾ ಕಾರ್ಡು ತೂರಿಸಲು ಕಂಪ್ಯೂಟರಿನ ಮೂತಿಯಲ್ಲಿ ಒಂದು ಸೀಳು ಇದೆಯಲ್ಲ, ಅದರ ಬಳಿ! ಹಳೆಯ ಸಿಸ್ಟಂನಲ್ಲಿ ಸತ್ತಂತೆ ಬಿದ್ದಿದ್ದ ಸೀಳು ಹೊಸದರಲ್ಲಿ ಎಚ್ಚೆತ್ತು, ಎಲ್ಲರಿಗಿಂತ ಮೊದಲು ಎಚ್ ಹಿಡಿದಿತ್ತು. ಒಳಗೆ ಕಾರ್ಡೂ ಇಲ್ಲ.

ಮಾವನಿಗೆ ಇದನ್ನು ತಿಳಿಸಿ ಹೇಳುವುದು ಹೇಗೆ? "ಮಾಮಾ, ಸೀಟಿನ್ಯಾಗ ಮನುಷ್ಯಾರೇ ಇಲ್ರಿ. ಬರೇ ಟವೆಲ್ ಒಗದಾರ."

ಅವರ ಮುಖ ನೋಡಬೇಕಿತ್ತು! ಎದ್ದು ನಿಂತೇ ಬಿಟ್ಟರು.

"ನಮ್ ಡಬ್ಬಿಗಿ ಬ್ಯಾರೆ ಸೀಟ್ ಕೊಡ್ಲೇನ್ರಿ? ಭಾಳ ಖಾಲಿ ಅದಾವ."

"ಯಾಕ್ ಕೊಡ್ತಿ? ಅದು ಡ್ರೈವರ್ ಸಾಹೇಬ್ರ ಸೀಟ್ ಅದ. ಮೊದಲ ಆ ಟವೆಲ್ ತಗಿ!"

ತೆಗೆದೆ. ಖಾಲಿ ಸೀಳಿಗೆ ಎಲ್ಲಕ್ಕಿಂತ ಹಿಂದಿನ ಸೀಟಾದ ಝಡ್ ಅಕ್ಷರ ಕೊಟ್ಟೆ, ಡಬ್ಬಿಗೆ ಎಚ್. ಪರದೆಯ ಮೇಲೆ ಹಾಡುಗಳ ಸಾಲು ಟಣ್ಣನೆ ತೆರೆದುಕೊಂಡಿತು! "ರೈ...ಟ್!" ಎಂದು ಮಾವ ಕೂಗಿದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು. ನಾನೂ ಕುಣಿದೆ, ಮಾಮಿ ಒಗ್ಗರಣೆ ಬಿಟ್ಟು ಓಡಿಬಂದು ಡಬ್ಬಿಗೆ ದೃಷ್ಟಿ ತೆಗೆದರು.

ಗೆದ್ದ ಉಮೇದಿನಲ್ಲೇ ನಾನು ಹಳೆಯ ಮಾತು ಎತ್ತಿದೆ. "ಸಾಹೇಬ್ರಿಗಿ ಒಂದು ನಕಲು ಮಾಡಿಕೊಡೋಣ್ರಿ. ಡುಪ್ಲಿಕೇಟ್ ಟಿಕೆಟ್ ಅಲ್ಲ, ಪಾಸ್ ಅನ್ಕೋರಿ."

ಮಾವ ಬಹಳ ಹೊತ್ತು ಡಬ್ಬಿಯ ಧೂಳು ಒರೆಸಿದರು. ಅದರ ಮೇಲೆ ಧೂಳೇ ಇರಲಿಲ್ಲ. "ಅವರ ಮನ್ಯಾಗೇ ಹಾಡು ಇದ್ರ, ಶುಕ್ರವಾರ ಇಲ್ಲಿಗಿ ಯಾಕ್ ಬರ್ತಾರವ್ವಾ?"

ಓಹೋ, ಇದಾ ಸಂಗತಿ! ಗುನ್ಹೆಯ ಹಿಂದೆ ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಹೆದರಿಕೆ ಇದಾ! ನನಗೆ ನಗುವೂ ಬಂತು, ಕಣ್ಣೂ ತುಂಬಿತು. "ಪಾಸ್ ಇದ್ದವ್ರೇ ದಿನಾ ಬಸ್ ಹತ್ತತಾರಲ್ರಿ ಮಾಮಾ" ಎಂದೆ. ಕಂಡಕ್ಟರಿಗೆ ಕಂಡಕ್ಟರಿಕೆಯ ಮಾತೇ ನಾಟಬೇಕು. ಅವರು ನಕ್ಕು, ತಲೆಯಾಡಿಸಿ ಒಪ್ಪಿಗೆ ಕೊಟ್ಟರು.

ಅಷ್ಟರಲ್ಲಿ ಸಾಹೇಬರು ಬಂದರು. ಮಾವ ಕುರ್ಚಿಯ ಮೇಲಿನ ಟವೆಲ್ ತೆಗೆದು, ಅದರಿಂದಲೇ ಕುರ್ಚಿ ಒರೆಸಿ, "ಬರ್ರಿ ಸಾಹೇಬ್ರ, ಗಾಡಿ ರೆಡಿ ಅದ" ಎಂದರು. ನಿನ್ನೆಯಿಂದ ನಡೆದ ರಾದ್ಧಾಂತದ ಒಂದಕ್ಷರವನ್ನೂ ಹೇಳಲಿಲ್ಲ. ಹಾಡು ಶುರುವಾಯಿತು. ಇಂಜಿನ್ನಿನ ಗುಡುಗುಡು, ಅದರ ಮೇಲೆ ತುಂಬಿದ ಆ ದನಿ, ನಡುವೆ ಮಾವನ "ರಾಜೇಶ್ವರ ಇಳಿಯೋರು ಮುಂದ ಬರ್ರಿ!" ಸಾಹೇಬರ ಕೈಗಳು ತೊಡೆಯ ಮೇಲೆ ಮೆಲ್ಲಗೆ ಸ್ಟೇರಿಂಗ್ ತಿರುಗಿಸುತ್ತಿದ್ದವು, ತುಟಿಗಳು ಹಾಡಿನ ಜೊತೆ ಒಂದು ಮಾತೂ ತಪ್ಪದೆ ಆಡುತ್ತಿದ್ದವು. ಮಾವ ಪರದೆಯ ಕಡೆ ನೋಡಲೇ ಇಲ್ಲ, ಆ ತುಟಿಗಳನ್ನೇ ನೋಡುತ್ತಿದ್ದರು.

ಹಾಡು ಮುಗಿಯಿತು.

"ಇವತ್ತ ದನಿ ಭಾಳ ಚಲೋ ಬಂದದ ನೋಡ್ರಿ ಸಾಹೇಬ್ರ" ಎಂದರು ಮಾವ. "ಇನ್ನೊಂದು ಹಾಡ್ರಿ."

ಸಾಹೇಬರು ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡರು. ಮಾವ ಗುಂಡಿ ಒತ್ತಿದರು.