ಹಾಸನದ ಸಾರ್ವಜನಿಕರು ಅಂದರೆ ನಾನೇ

ಇಂದ,
ಕಾಂತರಾಜು ಬಿನ್ ಚನ್ನಪ್ಪ,
ಎಳನೀರು ವ್ಯಾಪಾರಿ, ಬಸ್ ನಿಲ್ದಾಣದ ಎದುರು,
ವಾಸ: ಹುಣಸೆಮರದ ಬೀದಿ, ಹಾಸನ.

ಗೆ,
ಮಾನ್ಯ ಅಧ್ಯಕ್ಷರು,
ಸುದ್ದಿ ಮಾಧ್ಯಮಗಳ ಆರೋಗ್ಯ ಮತ್ತು ವೃತ್ತಿಪರತೆ ಪರಿಶೀಲನಾ ಸಮಿತಿ,
ಮೊಕ್ಕಾಂ: ಹಾಸನ.

ವಿಷಯ: ನನ್ನ ಹೆಂಡತಿಯ ಕಾಯಿಲೆಗೆ ನಾನೇ ಅಳಲು ಅನುಮತಿ ಕೋರಿ.

ಉಲ್ಲೇಖ: ತಮ್ಮ ಕರಡು ವರದಿ, ಪುಟ 11: "ಹಾಸನ ಜಿಲ್ಲೆಯ ಟೀವಿ ಸುದ್ದಿಗಳಲ್ಲಿ ಸಾರ್ವಜನಿಕರಿಗೆ ಧಾರಾಳ ಅವಕಾಶವಿದ್ದು, ಅವರಲ್ಲಿ ಅಪರೂಪದ ಒಮ್ಮತ ಕಂಡುಬಂದಿದೆ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಒಮ್ಮತ ನಾನು.

1. ನಾಲ್ಕು ವರ್ಷದ ಹಿಂದೆ 'ತಕ್ಷಣ ಟೀವಿ'ಯ ವರದಿಗಾರ ಗೌತಮ್ ಅವರು ಎಳನೀರು ಕುಡಿಯಲು ಬಂದವರು, ರಸ್ತೆ ಗುಂಡಿಯ ಬಗ್ಗೆ ಎರಡು ಮಾತು ಕೇಳಿದರು. "ಅಣ್ಣಾ, ಮಚ್ಚು ಕೆಳಗಿಡಿ, ಒಸಿ ಸಿಟ್ಟಾಗಿ ಯೋಳಿ" ಅಂದರು. ಹೇಳಿದೆ. ಸಿಟ್ಟು ಚೆನ್ನಾಗಿ ಬಂತೆಂದು ಮಿಕ್ಕ ಚಾನೆಲ್ಲಿನವರೂ ನನ್ನ ಗಾಡಿಗೇ ಬರತೊಡಗಿದರು. ಬಿಸಿಲಲ್ಲಿ ಅಲೆದು ಜನರನ್ನು ಯಾರು ಹುಡುಕುತ್ತಾರೆ ಸ್ವಾಮಿ? ಇಲ್ಲಿ ನೆರಳಿದೆ, ಎಳನೀರಿದೆ, ಸಾರ್ವಜನಿಕರೂ ಸಿಗುತ್ತಾರೆ.

2. ಕಾರಣ, ನಾನು ಇದುವರೆಗೆ ಸ್ಥಳೀಯರು, ಪ್ರತ್ಯಕ್ಷದರ್ಶಿ, ಗೊರೂರಿನ ಮೀನುಗಾರ, ಆನೆ ಕಂಡವರು ಮತ್ತು ಹೆಸರು ಹೇಳಲಿಚ್ಛಿಸದ ಮಹಿಳೆ (ಮೀಸೆ ಮಸುಕು ಮಾಡಲಾಗಿತ್ತು) ಆಗಿ ಸೇವೆ ಸಲ್ಲಿಸಿರುತ್ತೇನೆ. ಮಕ್ಕಳಿಲ್ಲದ ನಾನು "ನೊಂದ ಪೋಷಕರು" ಆಗಿ ಅತ್ತಿರುತ್ತೇನೆ. ಬಜೆಟ್ಟಿನ ದಿನ ಒಂದು ಚಾನೆಲ್ಲಿಗೆ ಸ್ವಾಗತಿಸಿ, ಟವೆಲ್ ಬದಲಿಸಿಕೊಂಡು ಇನ್ನೊಂದಕ್ಕೆ ಖಂಡಿಸಿರುತ್ತೇನೆ. ಆ ಒಂದು ದಿನದ ಮಟ್ಟಿಗೆ ತಮ್ಮ ಒಮ್ಮತಕ್ಕೆ ತಿದ್ದುಪಡಿ ಬೇಕಾಗುತ್ತದೆ.

3. ಈಗ ಎರಡು ತಿಂಗಳಿಂದ ನಮ್ಮ ಬೀದಿಯ ನಲ್ಲಿಯಲ್ಲಿ ಚರಂಡಿ ನೀರು ಬೆರೆತು ಬರುತ್ತಿದೆ. ಅದನ್ನು ಕುಡಿದು ನನ್ನ ಹೆಂಡತಿ ಅನಸೂಯಮ್ಮ ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದಾಳೆ. ಮೊದಲ ಸಲ ನಾನೇ ಫೋನ್ ಮಾಡಿ ಗೌತಮ್ ಅವರನ್ನು ಕರೆದೆ. ಬಂದರು, ನಲ್ಲಿ ನೋಡಿದರು, ಮೂಗು ಮುಚ್ಚಿಕೊಂಡರು.

"ಸುದ್ದಿ ಬೋ ಚೆಂದಾಗೈತೆ ಕಣಣ್ಣಾ. ಆದ್ರೆ ನಿಮ್ ಮೊಖ ಬ್ಯಾಡ, ಜನ ನಂಬಾಕಿಲ್ಲ."

"ಲೋ, ಆಸ್ಪತ್ರೇಲಿರಾದು ನನ್ನೆಂಡ್ರು ಕಣಪ್ಪಾ!"

"ಅದೇ ಕಷ್ಟ. ಎಂಡ್ರು ಬಿಟ್ಟೋದ್ಳು ಅಂತ ಓದ್ ವಾರ ನೀವೇ ಯೋಳಿಲ್ವಾ?"

ಹೇಳಿದ್ದು ಹೌದು. ಮೊಬೈಲ್ ಚಟದ ಬಗ್ಗೆ ಒಂದು ಕಾರ್ಯಕ್ರಮಕ್ಕೆ ಬೇಕಿತ್ತು. ಮಾಡಿದ್ದುಣ್ಣೋ ಮಹಾರಾಯ.

4. ಆದ್ದರಿಂದ ಹೊಳೆನರಸೀಪುರದಿಂದ ಶಿವಕುಮಾರ್ ಎಂಬ ಅವಿವಾಹಿತರನ್ನು ಕರೆಸಿ, ನಮ್ಮ ನಲ್ಲಿಯ ಮುಂದೆ ನಿಲ್ಲಿಸಿ, ನಮ್ಮ ಬಿಂದಿಗೆಯನ್ನೇ ಕೈಗೆ ಕೊಟ್ಟು, ಕೆಳಗೆ "ನೊಂದ ಪತಿ" ಎಂದು ಹಾಕಿದರು. ಬಿಂದಿಗೆ ತಂದುಕೊಟ್ಟವನು ನಾನು.

5. ದಿನಾಂಕ ಹದಿನೇಳರ ಸಂಜೆ ಅದು ಆಸ್ಪತ್ರೆ ವಾರ್ಡಿನ ಟೀವಿಯಲ್ಲಿ ಬಂತು. "ನನ್ನ ಮನೆಯಾಕೆ ಇಲ್ಲದೆ ನಾನು ಹೇಗಿರಲಿ?" ಎಂದು ಶಿವಕುಮಾರ್ ಬಿಕ್ಕಿದರು. ಅನಸೂಯ ದಿಂಬಿನಿಂದ ತಲೆಯೆತ್ತಿ, "ಬಿಂದ್ಗೆ ನಮ್ದೇ ಅಲ್ವಾ?" ಅಂದಳು. ಆಮೇಲೆ ಕಣ್ಣೊರೆಸಿಕೊಂಡು, "ಇರ್ಲಿ ಬಿಡಿ. ಎಂಗ್ ಅಳ್ತಾನೆ ನೋಡಿ ಪಾಪ. ಅವ್ನ್ ಎಂಡ್ರು ಪುಣ್ಯವಂತೆ" ಅಂದಳು.

ಅದನ್ನು ಕೇಳಿ ನನಗೂ ಅಳು ಬಂತು. ಮಾನ್ಯರೇ, ಅದು ನನ್ನ ಸ್ವಂತ ಅಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳು ಆ ಹಳದಿ ಕಣ್ಣಲ್ಲಿ ನನ್ನನ್ನೇ ನೋಡಿ ಅಂದಳು: "ನೀವ್ ಸುಮ್ಕಿರಿ. ಇಲ್ಲಿ ಯಾರೂ ಕ್ಯಾಮೆರಾ ತಂದಿಲ್ಲ."

ಆದ್ದರಿಂದ, ಮೇಲ್ಕಂಡ ಎಲ್ಲಾ ಕಾರಣಗಳಿಂದ, ಪುಟ 11ರಲ್ಲಿ "ಸಾರ್ವಜನಿಕರು" ಎಂಬಲ್ಲಿ ನನ್ನ ಹೆಸರು ಹಾಕಬೇಕೆಂದೂ, ಸದರಿ ಕಾಂತರಾಜುವಿಗೆ ಹೆಂಡತಿ ಇದ್ದಾಳೆ, ಬಿಟ್ಟು ಹೋಗಿಲ್ಲ, ದಿನಾಂಕ ಹದಿನೇಳರ ಸಂಜೆ ಆತ ಅತ್ತಿದ್ದು ನಿಜ ಎಂದು ಸಮಿತಿಯ ಮೊಹರು ಒತ್ತಿ ಒಂದು ದೃಢೀಕರಣ ಪತ್ರ ಕೊಡಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ (ಈ ಸಲ ನಿಜವಾಗಿ),
ಕಾಂತರಾಜು

ಲಗತ್ತುಗಳು:
1. ನಲ್ಲಿ ನೀರು, ಒಂದು ಬಾಟಲಿ. ಮುಚ್ಚಳ ತೆಗೆಯಬಾರದು.
2. ಮದುವೆ ಫೋಟೊ. ಪೇಟದವನು ನಾನು. ವಾಪಸ್ ಕೊಡುವುದು.
3. ಎಳನೀರು ಎರಡು, ಸಮಿತಿಯ ಆರೋಗ್ಯಕ್ಕಾಗಿ.

ವಿ.ಸೂ.: ದೃಢೀಕರಣ ಪತ್ರವನ್ನು ಯಾವ ಚಾನೆಲ್ಲಿಗೂ ಕಳಿಸುವುದು ಬೇಡ. ಮಹಿಳೆಯರ ವಾರ್ಡು, ಹಾಸಿಗೆ ಸಂಖ್ಯೆ 14ಕ್ಕೆ ಕಳಿಸಿದರೆ ಸಾಕು.