ಸುಸ್ಥಿತಿಯಲ್ಲಿರುವ ಒಂದು ಕುಟುಂಬ

ಪ್ರಯೋಗಾಲಯವಿಲ್ಲದೆ ಪ್ರಾಯೋಗಿಕ ಪರೀಕ್ಷೆಗೆ ಅಂಕ ನೀಡುವುದು ನಿಯಮಬಾಹಿರವೆಂದು ಪರಿಶೀಲನಾ ಸಮಿತಿ ತೀರ್ಮಾನಿಸಿದಾಗ, ಆ ಕ್ರೈಸ್ತ ಕಾಲೇಜಿನ ಸಮಾಜಶಾಸ್ತ್ರ ಮತ್ತು ಕುಟುಂಬ ಅಧ್ಯಯನ ವಿಭಾಗದಲ್ಲಿ ಒಂದೇ ಒಂದು ಕುಟುಂಬವೂ ದಾಸ್ತಾನಿರಲಿಲ್ಲ. ರಸಾಯನಶಾಸ್ತ್ರದವರ ಬಳಿ ಆಮ್ಲವಿತ್ತು, ಪ್ರಾಣಿಶಾಸ್ತ್ರದವರ ಬಳಿ ಕಪ್ಪೆಯಿತ್ತು. ಇವರ ಬಳಿ ಇದ್ದದ್ದು ಆದರ್ಶ ಕುಟುಂಬದ ಒಂದು ಗೋಡೆಚಿತ್ರ; ಅದರಲ್ಲೂ ತಂದೆಯ ಮುಖವನ್ನು ಗೆದ್ದಲು ತಿಂದಿತ್ತು. ಸುಸ್ಥಿತಿಯಲ್ಲಿರುವ ಒಂದು ಕುಟುಂಬವನ್ನು ಕೂಡಲೇ ಒದಗಿಸಿಕೊಳ್ಳದಿದ್ದಲ್ಲಿ ಪದವಿ ಕೋರ್ಸನ್ನು ಮುಚ್ಚತಕ್ಕದ್ದು ಎಂದು ಷರಾ ಬರೆದು, ಸಮಿತಿ ಊಟ ಮುಗಿಸಿ ಹೊರಟುಹೋಯಿತು.

ಪ್ರಾಂಶುಪಾಲರಾದ ಪಾದ್ರಿಗಳು ವಿಭಾಗದ ಏಕೈಕ ಅಧ್ಯಾಪಕರನ್ನು ಕರೆಸಿದರು. ‘ಕುಟುಂಬದಲ್ಲಿ ಸಂವಹನ’ ಎಂಬ ಪತ್ರಿಕೆಯನ್ನು ಬಹುಕಾಲದಿಂದ ಬೋಧಿಸುತ್ತಿದ್ದ ಇವರನ್ನು ವಿದ್ಯಾರ್ಥಿಗಳು ಸಂಬಂಧದ ಮೇಷ್ಟ್ರು ಎನ್ನುತ್ತಿದ್ದರು.

“ಮೇಷ್ಟ್ರೇ, ನಿಮ್ಮ ಹತ್ರ ಒಂದು ಕುಟುಂಬ ಇರ್ಬೇಕಲ್ಲ?”

“ಇದೆ ಫಾದರ್. ಬೆಳಿಗ್ಗೆ ಬರುವಾಗ ಇತ್ತು.”

“ಸುಸ್ಥಿತಿಯಲ್ಲಿದೆಯಾ?”

ಮೇಷ್ಟ್ರು ಯೋಚಿಸಿದರು. “ಶಬ್ದ ಏನೂ ಬರ್ತಿಲ್ಲ ಫಾದರ್.”

“ಹಾಗಾದ್ರೆ ಚೆನ್ನಾಗೇ ಇದೆ. ಸೋಮವಾರ ತಂದ್ಬಿಡಿ.”

ಮೇಷ್ಟ್ರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಗಂಡ ತಾವಾಗಿ ಬಾಯಿಬಿಟ್ಟು ಇಷ್ಟು ಉದ್ದದ ವಿಷಯ ಹೇಳಿದ್ದು ಕೇಳಿ ಅವರು ಹೊಲಿಗೆ ಮೆಷೀನು ನಿಲ್ಲಿಸಿದರು.

“ಅಲ್ಲಿ ನಾನೇನು ಮಾಡ್ಬೇಕು?”

“ಇಲ್ಲಿ ಮಾಡೋದೇ. ಹುಡುಗರು ನೋಡಿ ಬರ್ಕೊಳ್ತಾರೆ.”

“ನೀವು ಅಲ್ಲಿ ನನ್ನ ಜೊತೆ ಮಾತಾಡ್ತೀರಾ?”

“ಪಠ್ಯಕ್ರಮದಲ್ಲಿದೆ. ಮಾತಾಡ್ಲೇಬೇಕು.”

“ಹಾಗಾದ್ರೆ ಬರ್ತೀನಿ,” ಎಂದು ಹೆಂಡತಿ ಮೆಷೀನಿಗೆ ಮುಸುಕು ಹಾಕಿದರು. ಅವಿಭಕ್ತ ಕುಟುಂಬವೂ ಪಾಠದಲ್ಲಿದ್ದುದರಿಂದ ಮೇಷ್ಟ್ರ ತಾಯಿಯನ್ನೂ ಸೇರಿಸಿಕೊಳ್ಳಲಾಯಿತು.

ಪ್ರಾರ್ಥನಾಮಂದಿರದ ಹಿಂದೆ ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಕೋಣೆ ಪ್ರಯೋಗಾಲಯವಾಯಿತು. ಒಂದು ಸೋಫಾ, ಒಂದು ಒಲೆ, ಊಟದ ಮೇಜು, ಹೊಲಿಗೆ ಮೆಷೀನು ಬಂದವು. ಎದುರಿಗೆ ಬಿಳಿ ಕೋಟು ತೊಟ್ಟ ವಿದ್ಯಾರ್ಥಿಗಳು ಕುಳಿತರು. ಬಾಗಿಲ ಮೇಲೆ ಪ್ರಕಟಣೆ ಅಂಟಿಸಲಾಯಿತು: ‘ಕುಟುಂಬವನ್ನು ಮುಟ್ಟಬಾರದು. ಅಜ್ಜಿಗೆ ತಿಂಡಿ ಕೊಡಬಾರದು. ಜಗಳದ ಸಮಯದಲ್ಲಿ ಯಾರದೇ ಪಕ್ಷ ವಹಿಸುವವರ ಆಂತರಿಕ ಅಂಕಗಳನ್ನು ಕಡಿತಗೊಳಿಸಲಾಗುವುದು.’

ಮೊದಲ ದಿನ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು, ಹೆಂಡತಿಯ ಕಡೆ ತಿರುಗಿ, “ರಾತ್ರಿ ನಿದ್ದೆ ಬಂತಾ?” ಎಂದು ಕೇಳಿದರು. ಹೆಂಡತಿಯ ಕೈಯಲ್ಲಿದ್ದ ಸೂಜಿ ಕೆಳಗೆ ಬಿತ್ತು. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ‘ಪ್ರಚೋದನೆ: ಸಾಮಾನ್ಯ ಪ್ರಶ್ನೆ. ಪ್ರತಿಕ್ರಿಯೆ: ಕಣ್ಣೀರು. ಕಾರಣ: ತಿಳಿದುಬಂದಿಲ್ಲ’ ಎಂದು ವಿದ್ಯಾರ್ಥಿಗಳು ಬರೆದುಕೊಂಡರು.

ಅಂದಿನಿಂದ ಪ್ರಯೋಗಗಳು ಒಂದಾದ ಮೇಲೊಂದು ಯಶಸ್ವಿಯಾದವು. ಮೇಷ್ಟ್ರು ಹೆಂಡತಿಗೆ ಟೀ ಮಾಡಿಕೊಟ್ಟರು. ಟೀ ಕೆಟ್ಟದಾಗಿತ್ತು, ಫಲಿತಾಂಶ ಒಳ್ಳೆಯದಾಗಿತ್ತು. ಆಕೆ ಹೊಲಿದ ರವಿಕೆಯನ್ನು ನೋಡಿ, ತೋಳು ಚೆನ್ನಾಗಿ ಕೂತಿದೆ ಎಂದರು. ಅಜ್ಜಿ ಸೊಸೆಯನ್ನು ಹೊಗಳಿದ್ದನ್ನು ದೃಢೀಕರಿಸಲು ಎರಡನೇ ಬಾರಿ ಹೊಗಳಿಸಲಾಯಿತು.

ತೊಂದರೆ ಬಂದದ್ದು ‘ಕೌಟುಂಬಿಕ ಸಂಘರ್ಷ’ ಎಂಬ ಘಟಕಕ್ಕೆ. ಸಮಿತಿ ಮತ್ತೆ ಬರುವ ದಿನ ಹತ್ತಿರವಾಗಿತ್ತು, ಕುಟುಂಬದಲ್ಲಿ ಸಂಘರ್ಷವೇ ಇರಲಿಲ್ಲ. ಶೀಘ್ರವಾಗಿ ಜಗಳವಾಡತಕ್ಕದ್ದು ಎಂದು ಪಾದ್ರಿಗಳು ಜ್ಞಾಪನ ಹೊರಡಿಸಿದರು.

“ಯಾವುದಕ್ಕೆ ಅಂತ ಜಗಳ ಆಡ್ಲಿ ಫಾದರ್?” ಎಂದು ಹೆಂಡತಿ ಕೇಳಿದರು. “ಈಗಷ್ಟೇ ಎಲ್ಲಾ ಸರಿಹೋಗಿದೆ.”

“ಪ್ರಯತ್ನ ಮಾಡಮ್ಮ. ಕೋರ್ಸಿನ ಪ್ರಶ್ನೆ.”

ಸಮಿತಿಯ ಎದುರು ಇಬ್ಬರೂ ಪ್ರಯತ್ನಿಸಿದರು. ಟೀಗೆ ಸಕ್ಕರೆ ಜಾಸ್ತಿ ಎಂದು ಮೇಷ್ಟ್ರು ಮುನಿದರು. ಮಾಡಿದ್ದು ನೀವೇ ಎಂದು ಹೆಂಡತಿ ನೆನಪಿಸಿದರು. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಸಮಿತಿಯ ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. ಕೋರ್ಸು ಕೈತಪ್ಪಿತೆಂದು ತಿಳಿದ ಮೇಷ್ಟ್ರು ಹೆಂಡತಿಯ ಪಕ್ಕ ಕುಳಿತು, “ಹೋಗ್ಲಿ ಬಿಡು ಕಣೇ. ಇಷ್ಟು ದಿನ ಇಲ್ಲಿ ಕೂತು ನನಗೊಂದು ಗೊತ್ತಾಯ್ತು. ನೀನು ಅಂದ್ರೆ ನನಗೆ…” ಎಂದರು.

ಗಂಟೆ ಹೊಡೆಯಿತು. ಮೇಷ್ಟ್ರು ಡಸ್ಟರ್ ಎತ್ತಿಕೊಂಡು ಬಾಗಿಲ ಕಡೆ ನಡೆದರು.

“ನಿಲ್ರೀ! ಮುಗಿಸಿ ಹೋಗಿ!”

“ಪೀರಿಯಡ್ ಮುಗೀತು.”

“ಪೀರಿಯಡ್ಡಂತೆ! ನನ್ನ ಬಾಳೇನು ಟೈಮ್‌ಟೇಬಲ್ಲಾ? ಇಲ್ಲಿ ಬಾಯ್ತುಂಬ ಮಾತು, ಮನೆಗೆ ಹೋದ್ರೆ ಗೋಡೆ ನೋಡ್ಕೊಂಡು ಕೂರೋದು. ಆ ಗೋಡೇನೇ ಕಟ್ಕೋಬೇಕಿತ್ತು ನೀವು!”

ಹೊರಗೆ ಹೋಗುತ್ತಿದ್ದ ವಿದ್ಯಾರ್ಥಿಗಳು ಓಡಿಬಂದು ಕುಳಿತರು. ಕಪ್ಪೆಗಳನ್ನು ಅರ್ಧಕ್ಕೇ ಬಿಟ್ಟು ಪ್ರಾಣಿಶಾಸ್ತ್ರದವರೂ ಬಂದರು. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು.

ಮೇಷ್ಟ್ರು ಡಸ್ಟರನ್ನು ಹಿಂಡುತ್ತ ನಿಂತಿದ್ದರು. “ಮನೇಲಿ ಯಾರೂ ಬರ್ಕೊಳ್ಳಲ್ಲ,” ಎಂದರು ಕೊನೆಗೆ, ಮೆಲ್ಲಗೆ. “ಯಾರೂ ಬರ್ಕೊಳ್ದೇ ಇದ್ರೆ ಏನು ಹೇಳ್ಬೇಕು ಅಂತ ನನಗೆ ಗೊತ್ತಾಗಲ್ಲ.”

ಅಧ್ಯಕ್ಷರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಹೆಂಡತಿ ಸೆರಗು ಸರಿಮಾಡಿಕೊಂಡು ಪಾದ್ರಿಗಳತ್ತ ತಿರುಗಿದರು. “ಫಾದರ್, ಸಂಜೆ ಹೊತ್ತು ಇಬ್ಬರು ಹುಡುಗರನ್ನ ಕೋಟು ಹಾಕಿಸಿ ನಮ್ಮನೆಗೆ ಕಳಿಸಿ.”

ಕೋರಿಕೆ ಸಮಂಜಸವಾಗಿದ್ದುದರಿಂದ ಅದನ್ನು ‘ಕ್ಷೇತ್ರಕಾರ್ಯ’ ಎಂಬ ಶೀರ್ಷಿಕೆಯಡಿ ಸ್ಥಳದಲ್ಲೇ ಮಂಜೂರು ಮಾಡಲಾಯಿತು. ಕೋರ್ಸಿಗೆ ಅತ್ಯುನ್ನತ ಶ್ರೇಣಿ ಸಿಕ್ಕಿತು. ಹೊರಡುವಾಗ ಅಧ್ಯಕ್ಷರು ಪಾದ್ರಿಗಳನ್ನು ಪಕ್ಕಕ್ಕೆ ಕರೆದು, ತಮ್ಮ ಮನೆಗೂ ಒಬ್ಬ ವಿದ್ಯಾರ್ಥಿಯನ್ನು ಕಳಿಸಲು ಸಾಧ್ಯವೇ ಎಂದು ವಿಚಾರಿಸಿದರು. ಆಮೇಲೆ ರಸಾಯನಶಾಸ್ತ್ರದವರು ಕೇಳಿದರು, ವಕೀಲರು ಕೇಳಿದರು. ಈಗ ಆ ಊರಿನ ಬೀದಿಗಳಲ್ಲಿ ಸಂಜೆ ಕಿಟಕಿಯಿಂದ ನೋಡಿದರೆ, ಊಟದ ಮೇಜಿನ ಬಳಿ ಸ್ಟೂಲಿನ ಮೇಲೆ ಬಿಳಿ ಕೋಟೊಂದು ಕುಳಿತಿರುತ್ತದೆ. ಮನೆಯವರು ಅದಕ್ಕೂ ಒಂದು ಲೋಟ ಟೀ ಕೊಟ್ಟು ಮಾತು ಮುಂದುವರಿಸುತ್ತಾರೆ.

ಪರೀಕ್ಷೆಗಳ ಕಾಲದಲ್ಲಿ ಮಾತ್ರ ಸ್ವಲ್ಪ ಅಡಚಣೆಯಾಯಿತು. ಒಂದು ಸಂಜೆ ಮೇಷ್ಟ್ರ ಮನೆಗೆ ಯಾರೂ ಬರಲಿಲ್ಲ. ಮೇಷ್ಟ್ರು ಗೋಡೆ ನೋಡಿದರು. ಹೆಂಡತಿ ಮೆಷೀನು ತುಳಿದರು. ಸ್ವಲ್ಪ ಹೊತ್ತಿಗೆ ಅಜ್ಜಿ ಎದ್ದು, ಹುಡುಗರು ಬಿಟ್ಟುಹೋಗಿದ್ದ ಬಿಳಿ ಕೋಟನ್ನು ಸೀರೆಯ ಮೇಲೆ ತೊಟ್ಟು, ಹಳೆಯ ಪೇಪರೊಂದನ್ನು ಮಂಡಿಯ ಮೇಲೆ ಹರಡಿ, ಪೆನ್ಸಿಲ್ ಹಿಡಿದು ಸ್ಟೂಲಿನ ಮೇಲೆ ಕೂತರು.

“ಹೂಂ, ಹೇಳಪ್ಪ,” ಎಂದರು.

ಅಜ್ಜಿಗೆ ಓದುಬರಹ ಬರುವುದಿಲ್ಲ. ಅವರು ಅಂದು ಸಾಲಾಗಿ ಎಳೆದ ಗೀಟುಗಳನ್ನು ಕಾಲೇಜು ಪರಿಶೀಲಿಸಿ, ಪೂರ್ಣ ಅಂಕ ನೀಡಿದೆ.